ಒಂದೇ ಬೀಜದ ಎರಡು ಗಿಡ

ಈ ಮುಂಬಯಿ ಊರಿನಲ್ಲಿ ಸಿಟ್ಟು ಬರಿಸುವ ಜನರಿಗೇನೂ ಬರವಿಲ್ಲ. ಲೋಕಲ್‌ ಗಾಡಿಯ ಬಾಗಿಲಲ್ಲಿ ನಿಂತು ತಾವೂ ಒಳಗೆ ಹೋಗದೆ ಇನ್ನೊಬ್ಬರನ್ನೂ ಬಿಡದೆ ಗಾಳಿ ಕುಡಿಯುವವರಿದ್ದಾರೆ. ರೇಷನ್ ಅಂಗಡಿಯ ಸಾಲಿನಲ್ಲಿ ‘ಸುಮ್ಮನೆ ಒಂದು ಮಾತು ಕೇಳಬೇಕಿತ್ತು’ ಎಂದು ಮುಂದೆ ನುಗ್ಗಿ, ಸೀಮೆಎಣ್ಣೆ ತುಂಬಿಸಿಕೊಂಡೇ ಹೊರಬರುವವರಿದ್ದಾರೆ. ಇವರ ಮೇಲಿನ ಸಿಟ್ಟು ಸಂಜೆಯ ಚಹಾದ ಹೊತ್ತಿಗೆ ಇಳಿಯುತ್ತದೆ. ನನಗೆ ಇಳಿಯದ ಸಿಟ್ಟು ಒಂದೇ: ತಮ್ಮ ಕೆಲಸ ಸೊಗಸಾಗಿ ಆದಾಗ ‘ನಾನೇನೂ ಮಾಡಲಿಲ್ಲ, ಅದು ತಾನಾಗಿ ಆಯಿತು’ ಎನ್ನುವವರ ಮೇಲಿನದು. ಧಾರವಾಡದ ಶಾಲೆಯಲ್ಲಿ ನನ್ನ ಪಕ್ಕ ಕೂಡುತ್ತಿದ್ದವನೊಬ್ಬ ‘ಪುಸ್ತಕ ಮುಟ್ಟೇ ಇಲ್ಲಲೇ’ ಎನ್ನುತ್ತ ಪರೀಕ್ಷೆಗೆ ಬಂದು ವರ್ಗಕ್ಕೆ ಮೊದಲಿಗನಾಗುತ್ತಿದ್ದ. ನಾನು ಮುಟ್ಟಿ ಮುಟ್ಟಿ ನನ್ನ ಪುಸ್ತಕದ ರಟ್ಟೇ ಕಿತ್ತು ಬಂದಿತ್ತು. ಪಾಸಾದೆ, ಅಷ್ಟೆ. ನನ್ನ ನಾದಿನಿಯೊಬ್ಬಳಿದ್ದಾಳೆ. ಅವಳ ಹೋಳಿಗೆಯನ್ನು ಹೊಗಳಿದರೆ ‘ಏನಿಲ್ಲ, ಹಂಗs ಕಣಕ ಕಲಸಿಟ್ಟಿದ್ದೆ’ ಎನ್ನುತ್ತಾಳೆ. ಕಣಕ ಹಾಗೇ ಕಲಸಿಟ್ಟು ನಾನೂ ಒಮ್ಮೆ ನೋಡಿದ್ದೇನೆ. ಅದನ್ನು ತವೆಯಿಂದ ಬಿಡಿಸಲು ಉಳಿ ಬೇಕಾಯಿತು.

ನನ್ನ ಉದ್ಯೋಗವೂ ಈ ಸ್ವಭಾವಕ್ಕೆ ತಕ್ಕುದೇ. ದಾದರಿನ ಒಂದು ಕಚೇರಿಯ ಚೆಕಿಂಗ್ ವಿಭಾಗದಲ್ಲಿ ಕೂತು, ಬೇರೆಯವರು ಮಾಡಿದ್ದು ಸರಿಯಾಗಿದೆಯೇ ಎಂದು ಮತ್ತೊಮ್ಮೆ ನೋಡುತ್ತೇನೆ. ಸರಿಯಿದ್ದರೂ ಇನ್ನೊಮ್ಮೆ ನೋಡುತ್ತೇನೆ. ಯಾವುದನ್ನೂ ಅದರ ಪಾಡಿಗೆ ಬಿಡಬಾರದು ಎಂಬುದು ನನ್ನ ನಂಬಿಕೆ. ಎಪ್ಪತ್ತೆರಡೋ ಎಪ್ಪತ್ತಮೂರೋ ಇಸವಿ ಇರಬೇಕು, ಒಂದು ಚಳಿಗಾಲದಲ್ಲಿ ದಾದರ್ ಸ್ಟೇಷನ್ನಿನ ಹೊರಗಿನ ಕೈಗಾಡಿಯಿಂದ ನಾಗಪುರದ ಕಿತ್ತಳೆ ತಂದಿದ್ದೆ. ಅದರಲ್ಲೊಂದು ಹಣ್ಣು ಎಷ್ಟು ಸಿಹಿಯಾಗಿತ್ತೆಂದರೆ, ಬಾಯಲ್ಲಿದ್ದ ಬೀಜವನ್ನು ಉಗುಳಲು ಮನಸ್ಸಾಗಲಿಲ್ಲ. ಒಳ್ಳೆಯ ದಪ್ಪ ಬೀಜ. ಇದನ್ನು ನೆಡುತ್ತೇನೆ ಎಂದೆ.

“ಧಾರವಾಡದಾಗ ಅಷ್ಟು ದೊಡ್ಡ ಹಿತ್ತಲಾ ಇತ್ತು, ಒಂದು ಕೊತ್ತಂಬರಿ ಕಡ್ಡಿ ಹಚ್ಚಲಿಲ್ಲ. ಇಲ್ಲಿ ಗ್ಯಾಲರಿಯೊಳಗ ತ್ವಾಟಾ ಮಾಡ್ತಾರಂತ,” ಎಂದಳು ನನ್ನ ಹೆಂಡತಿ ನೀಲವ್ವ.

ನಮ್ಮದು ಮುಲುಂಡಿನಲ್ಲಿ ಒಂದು ಹಳೆಯ ಬಿಲ್ಡಿಂಗು. ಮೇಲಿನ ಮಾಳಿಗೆಯಲ್ಲಿ ಎಲ್ಲ ಮನೆಗಳ ಮುಂದೆ ಉದ್ದಕ್ಕೂ ಒಂದೇ ಗ್ಯಾಲರಿ. ಬೀಜವನ್ನು ಒಂದು ಹಳೆಯ ಚಹಾ ಡಬ್ಬಿಯಲ್ಲಿ ಹಾಕಿ ಕಿಟಕಿಯ ಕೆಳಗಿಟ್ಟೆ. ದಿನಾ ಬೆಳಿಗ್ಗೆ ಕಡ್ಡಿಪೆಟ್ಟಿಗೆಯ ಕಡ್ಡಿಯಿಂದ ಮಣ್ಣು ಸರಿಸಿ, ಏನಾದರೂ ಆಗಿದೆಯೇ ಎಂದು ನೋಡಿ, ಮತ್ತೆ ಮುಚ್ಚಿ ಆಫೀಸಿಗೆ ಹೋಗುತ್ತಿದ್ದೆ. ಏನೂ ಆಗಿರಲಿಲ್ಲ. ಆಮೇಲೆ ಜ್ವರ ಬಂದು ಒಂದಷ್ಟು ದಿನ ಮಲಗಿದೆ. ಎದ್ದು ಬಂದು ನೋಡಿದರೆ ಮೊಳಕೆ ಬಂದಿತ್ತು. ಒಂದಲ್ಲ, ಎರಡು. ಇನ್ನೊಂದು ಬೀಜ ಹಾಕಿದ್ದು ಯಾರು ಎಂದು ಮನೆಯಲ್ಲೇ ವಿಚಾರಣೆ ನಡೆಸಿದೆ. ನೀಲವ್ವ ಕಸಬರಿಗೆ ತಂದು ನನ್ನ ಕಾಲ ಸುತ್ತ ಗುಡಿಸತೊಡಗಿದಳು. ಚಮಚದಿಂದ ಬಗೆದು ನೋಡಿದಾಗ ಎರಡೂ ಒಂದೇ ಬೀಜದ ಸಿಪ್ಪೆಯಿಂದ ಹೊರಬಂದಿದ್ದವು. ಆಫೀಸಿನಲ್ಲಿದ್ದ ನಾಗಪುರದವನೊಬ್ಬ, ಸಂತ್ರಾ ಬೀಜದಲ್ಲಿ ಇದು ಮಾಮೂಲು, ಒಂದೇ ಬೀಜದಲ್ಲಿ ಎರಡು ಮೂರು ಗಿಡ ಹುಟ್ಟುತ್ತವೆ ಎಂದ. ಬೀಜದ ಗಿಡ ಹಣ್ಣು ಬಿಡಲು ಏಳೆಂಟು ವರ್ಷ ಬೇಕು ಎಂದೂ ಸೇರಿಸಿದ. ಪರವಾಗಿಲ್ಲ, ನನಗೆ ಇನ್ನೂ ಅಷ್ಟು ಸರ್ವಿಸ್ ಇತ್ತು. ನಿವೃತ್ತನಾಗುವುದರೊಳಗೆ ನನ್ನ ಕೈಯಿಂದ ಬೆಳೆದ ಒಂದು ಹಣ್ಣನ್ನು ಆಫೀಸಿನ ಮೇಜಿನ ಮೇಲಿಟ್ಟು ಸುಲಿದು ತಿನ್ನಬೇಕು ಎಂದು ನಿಶ್ಚಯಿಸಿದೆ. ಜೀವನದಲ್ಲಿ ನಾನು ಪರಿಶೀಲಿಸಿದ್ದೇ ಹೊರತು ಏನನ್ನೂ ಬೆಳೆದಿರಲಿಲ್ಲ. ಈ ಆಸೆ ನಿಮಗೆ ಸಣ್ಣದಾಗಿ ಕಂಡರೆ ಅದು ನಿಮ್ಮ ಪುಣ್ಯ.

ಆಗ ನಾನು ಒಂದು ಉದಾರ ಕೆಲಸ ಮಾಡಿದೆ. ಎರಡರಲ್ಲಿ ಒಂದನ್ನು ಪಕ್ಕದ ಮನೆಯ ಶೆಟ್ಟರಿಗೆ ಕೊಟ್ಟೆ. ಶೆಟ್ಟರು ಉಡುಪಿ ಕಡೆಯವರು. ಮಾಟುಂಗದ ಒಂದು ಹೋಟೆಲಿನಲ್ಲಿ ದುಡ್ಡಿನ ಗಲ್ಲೆಯ ಮೇಲೆ ಕೂಡುತ್ತಾರೆ. ಒಳ್ಳೆಯ ಮನುಷ್ಯ, ಅದೇ ತೊಂದರೆ. ಅವರು ಹೋಟೆಲಿನಿಂದ ಎಣ್ಣೆಯ ತಗಡಿನ ಡಬ್ಬವೊಂದನ್ನು ತಂದು, ನಡುವೆ ಕತ್ತರಿಸಿ, ಅರ್ಧ ನನಗೆ ಕೊಟ್ಟು ಅರ್ಧ ತಾವಿಟ್ಟುಕೊಂಡರು. ಒಂದೇ ಬೀಜ, ಒಂದೇ ಡಬ್ಬ, ಒಂದೇ ಗ್ಯಾಲರಿ, ಒಂದೇ ಬಿಸಿಲು. ನನ್ನದು ನನ್ನ ಕಿಟಕಿಯ ಕೆಳಗೆ, ಅವರದು ಅವರ ಕಿಟಕಿಯ ಕೆಳಗೆ.

ಇದರ ಅಪಾಯ ನನಗೆ ಆಗ ಹೊಳೆಯಲಿಲ್ಲ. ಗಿಡ ಬಾಡಿದರೆ ಸಾಮಾನ್ಯ ಮನುಷ್ಯ ಬೀಜ ಕೆಟ್ಟದ್ದು ಎನ್ನಬಹುದು, ಮುಂಬಯಿಯ ಹವೆ ಆಗಿಬರುವುದಿಲ್ಲ ಎನ್ನಬಹುದು. ನನಗೆ ಆ ಬಾಗಿಲುಗಳೆಲ್ಲ ಮುಚ್ಚಿದ್ದವು. ನಾನು ನೆಪ ಹೇಳಲು ಬಾಯಿ ತೆರೆದರೆ ಸಾಕು, ಪಕ್ಕದಲ್ಲೇ ಶೆಟ್ಟರ ಗಿಡ ಹಸಿರಾಗಿ, ಕೊಬ್ಬಿ, ಮುಳ್ಳು ಬಿಟ್ಟುಕೊಂಡು ನಿಂತಿರುತ್ತಿತ್ತು. ನಾನು ಮಾಡದ ಆರೈಕೆಯೇ ಇರಲಿಲ್ಲ. ಹಿಂಡಿ ಹಾಕಿದೆ, ರಾಸಾಯನಿಕ ಗೊಬ್ಬರ ಹಾಕಿದೆ, ಎರಡೂ ಹೆಚ್ಚಾಯಿತೇನೋ ಎಂದು ಮಣ್ಣನ್ನೇ ಬದಲಿಸಿದೆ. ಬಿಸಿಲು ತಿರುಗಿದಂತೆ ಡಬ್ಬ ತಿರುಗಿಸಿದೆ. ಒದ್ದೆ ಬಟ್ಟೆಯಿಂದ ಒಂದೊಂದೇ ಎಲೆ ಒರೆಸಿದೆ. ಭಾನುವಾರಕ್ಕೊಮ್ಮೆ ಬುಡ ಬಿಡಿಸಿ ಬೇರು ನೋಡಿದೆ. ಅದು ಎರಡು ಗೇಣು ಬೆಳೆದು, ಪರೀಕ್ಷೆಗೆ ಕೂತ ಹುಡುಗನ ಹಾಗೆ ಮುಖ ಸಣ್ಣ ಮಾಡಿಕೊಂಡು ನಿಂತುಬಿಟ್ಟಿತು. ಶೆಟ್ಟರ ಗಿಡ ಅವರ ಕಿಟಕಿಯ ಸರಳು ಮುಟ್ಟಿತು. ಅವರು ಅದಕ್ಕೆ ಮಾಡುತ್ತಿದ್ದ ಸೇವೆಯೆಂದರೆ, ಬೆಳಿಗ್ಗೆ ಬಾಯಿ ಮುಕ್ಕಳಿಸಿದ ನೀರನ್ನು ಆ ದಿಕ್ಕಿಗೆ ಉಗುಳುವುದು. ಕೆಲವು ದಿನ ಗುರಿಯೂ ತಪ್ಪುತ್ತಿತ್ತು.

“ಏನ ಹಾಕ್ತೀರಿ ಶೆಟ್ಟರs?” ಎಂದು ನಾನು ಒಮ್ಮೆ ಮಾನ ಬಿಟ್ಟು ಕೇಳಿದೆ.

“ಎಂತ ಸಹ ಇಲ್ಲ ಮಾರಾಯ್ರೆ. ಅದರಷ್ಟಕ್ಕೆ ಬರ್ತಾ ಉಂಟು,” ಎಂದರು.

ನನ್ನ ರಕ್ತ ಕುದಿಯಿತು. ಆ ಮಾತನ್ನು ಅವರು ಗ್ಯಾಲರಿಯಲ್ಲಿ ಹಾದುಹೋಗುವ ಎಲ್ಲರಿಗೂ ಹೇಳಿದರು, ಅದೂ ನಗುನಗುತ್ತ. ಹಾದುಹೋಗುವವರು ಶೆಟ್ಟರ ಗಿಡ ನೋಡಿ ನನ್ನ ಗಿಡ ನೋಡುತ್ತಿದ್ದರು, ಆಮೇಲೆ ನನ್ನನ್ನು ನೋಡುತ್ತಿದ್ದರು. ಆ ಮೂರನೆಯ ನೋಟಕ್ಕಾಗಿ ನಾನು ಇಡೀ ಬಿಲ್ಡಿಂಗಿನ ಜೊತೆ ಜಗಳಕ್ಕೆ ನಿಲ್ಲಲು ತಯಾರಿದ್ದೆ.

ಹೀಗೇ ಎರಡು ವರ್ಷ ಕಳೆದು ಮೇ ತಿಂಗಳು ಬಂತು. ಶೆಟ್ಟರು ಹೆಂಡತಿಯೊಡನೆ ತಿಂಗಳ ಮಟ್ಟಿಗೆ ಊರಿಗೆ ಹೊರಟರು. ಟ್ರಂಕು ಇಳಿಸುತ್ತಿದ್ದವರು ತಿರುಗಿ ಬಂದು, ತಮ್ಮ ಡಬ್ಬವನ್ನು ಎತ್ತಿ ನನ್ನ ಕಿಟಕಿಯ ಕೆಳಗಿಟ್ಟು, “ಹಿರೇಮಠರೇ, ಇದನ್ನೊಂದು ನಿಮ್ಮದೇ ಅಂತ ನೋಡ್ಕೊಳ್ಳಿ,” ಎಂದರು.

ಬಾಗಿಲಲ್ಲಿ ನಿಂತಿದ್ದ ನೀಲವ್ವ ಗಾಬರಿಯಾದಳು. ಅವರು ಹೋದ ಮೇಲೆ, “ಏನ್ರೀ, ಅದು ಮಂದಿ ಗಿಡಾ. ನೀವು ಅದನ್ನ ಮುಟ್ಟಬ್ಯಾಡ್ರಿ. ನಾ ನೀರ ಹಾಕ್ತೀನಿ,” ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ನಂಬಿ ಕೊಟ್ಟದ್ದು ನನಗೆ. ನನ್ನ ಗಿಡ ಹೋದರೂ ಹೋಗಲಿ, ಶೆಟ್ಟರದರ ಒಂದೆಲೆ ಉದುರಬಾರದು ಎಂದು ಪಣ ತೊಟ್ಟೆ. ನನ್ನ ಡಬ್ಬವನ್ನು ಎತ್ತಿ ಗ್ಯಾಲರಿಯ ತುದಿಯಲ್ಲಿ ನೀರಿನ ಡ್ರಮ್ಮಿನ ಹಿಂದೆ ಸರಿಸಿದೆ. ಆ ತಿಂಗಳು ಅದರ ಮುಖವನ್ನೂ ನೋಡಲಿಲ್ಲ.

ಶೆಟ್ಟರ ಗಿಡಕ್ಕೆ ನಾನು ಮಾಡಿದ ಸೇವೆಯನ್ನು ಸ್ವಂತ ತಂದೆಗೆ ಮಾಡಿರಲಿಲ್ಲ. ಮೇ ತಿಂಗಳ ಬಿಸಿಲು ಎಂದು ಬೆಳಿಗ್ಗೆ ಸಂಜೆ ನೀರು ಹಾಕಿದೆ. ಅವರು ಊರಿಂದ ಬರುವಾಗ ಇನ್ನಷ್ಟು ಕೊಬ್ಬಿರಲಿ ಎಂದು ಗೊಬ್ಬರ ಹಾಕಿದೆ. ಅಲ್ಲಿಯವರೆಗೆ ಮುಕ್ಕಳಿಸಿದ ನೀರಿನಲ್ಲಿ ಬೆಳೆದ ಗಿಡದ ಬೇರು ಹೇಗಿರಬಹುದು ಎಂಬ ಕುತೂಹಲವನ್ನು ತಡೆದುಕೊಂಡೆ. ಒಂದು ಭಾನುವಾರ ತಡೆದುಕೊಳ್ಳಲಿಲ್ಲ. ಮೊದಲು ಕೆಳಗಿನ ಎಲೆಗಳು ಹಳದಿಯಾದವು. ಗೊಬ್ಬರ ಸಾಲದು ಎಂದುಕೊಂಡೆ. ಆಮೇಲೆ ಮೇಲಿನವು ಉದುರಿದವು. ಒಣಗಿದ ತುದಿಯನ್ನು ಇಷ್ಟಿಷ್ಟೇ ಕತ್ತರಿಸುತ್ತ ಅದನ್ನು ಎರಡು ಗೇಣಿಗೆ ಇಳಿಸಿದೆ. ಆಚೆ ಬದಿಯ ಮನೆಯ ಮರಾಠಿ ಅಜ್ಜಿ ಹಾದುಹೋಗುವಾಗ ನಿಂತು, “ಅಹೋ, ಝಾಡ್ ಆಹೇ ತೇ, ಫಾಯಿಲ್ ನಾಹೀ,” ಎಂದಳು. ಅದು ಗಿಡ, ಫೈಲಲ್ಲ ಎಂಬುದು ನನಗೂ ಗೊತ್ತಿತ್ತು. ಫೈಲಾಗಿದ್ದರೆ ಸಾಯುತ್ತಿರಲಿಲ್ಲ. ತಿಂಗಳ ಕೊನೆಗೆ ಶೆಟ್ಟರ ಗಿಡವೆಂದರೆ ಒಂದು ಕಡ್ಡಿ, ಅದಕ್ಕೆ ನಾಲ್ಕು ಮುಳ್ಳು, ತುದಿಗೆ ಒಂದಿಷ್ಟು ಸುರುಟಿದ ಎಲೆ.

ಆ ಸಂಕಟದಲ್ಲಿರುವಾಗ ನೀಲವ್ವ ಡ್ರಮ್ಮಿನ ಕಡೆಯಿಂದ ಬಂದು, “ನಿಮ್ಮ ಗಿಡಾ ನೋಡೀರೇನು?” ಎಂದಳು. ಹೋಗಿ ನೋಡಿದೆ. ಡ್ರಮ್ಮಿನಿಂದ ತೊಟ್ಟಿಕ್ಕುವ ನೀರು ಕುಡಿದು, ಅದರ ನೆರಳಿನಲ್ಲಿ ನಿಂತು, ಆ ದ್ರೋಹಿ ಸೊಂಟದೆತ್ತರಕ್ಕೆ ಬೆಳೆದಿತ್ತು. ಮಿರಮಿರ ಮಿಂಚುವ ಎಲೆ, ತುದಿಯಲ್ಲಿ ತಿಳಿಹಸಿರು ಚಿಗುರು. ಸಂತೋಷವಾಗಬೇಕಿತ್ತು. ಮೈಯೆಲ್ಲ ಉರಿಯಿತು. ವರ್ಷಗಟ್ಟಲೆ ಕಣ್ಣಲ್ಲಿ ಕಣ್ಣಿಟ್ಟು ಸಾಕಿದವನ ಮುಂದೆ ಒಣಗಿ ನಿಂತು, ಬೆನ್ನು ತಿರುಗಿಸಿದ ಕೂಡಲೇ ಹೀಗೆ ಮೆರೆಯುವುದೆಂದರೆ ಅದು ನನಗೆ ಮಾಡಿದ ಕಪಾಳಮೋಕ್ಷ.

ಮೊದಲ ಮಳೆಯ ದಿನವೇ ಶೆಟ್ಟರು ಬಂದರು. ನಾನು ಎರಡೂ ಡಬ್ಬಗಳನ್ನು ಅವುಗಳ ಜಾಗದಲ್ಲಿಟ್ಟಿದ್ದೆ. ಅವರ ಹೆಂಡತಿ ನಮಗೆಂದು ತಂದ ಹಲಸಿನ ಹಪ್ಪಳದ ಕಟ್ಟು ಹಿಡಿದುಕೊಂಡೇ ಬಂದು, ಮೊದಲು ತಮ್ಮ ಗಿಡ ನೋಡಿದರು, ಆಮೇಲೆ ನಮ್ಮದು. ನೀಡಲು ಚಾಚಿದ ಕೈ ಹಿಂದಕ್ಕೆ ಹೋಯಿತು. ಶೆಟ್ಟರು ಕುಕ್ಕರಗಾಲಲ್ಲಿ ಕೂತು ಎರಡೂ ಡಬ್ಬಗಳನ್ನು ನೋಡಿದರು. ಕೊನೆಗೆ ಮೆಲ್ಲಗೆ, “ಬೇಜಾರು ಮಾಡ್ಬೇಡಿ ಹಿರೇಮಠರೇ, ಸುಮ್ಮನೆ ಕೇಳ್ತೇನೆ. ಡಬ್ಬ ಎಲ್ಲಿಯಾದ್ರೂ ಅದಲು ಬದಲು ಆಯ್ತಾ ಹೇಗೆ?” ಎಂದರು.

ಬೈದಿದ್ದರೆ ನಾನೂ ಬೈದು ಮುಗಿಸುತ್ತಿದ್ದೆ. ಆ ಮರ್ಯಾದೆಯ ದನಿ ನನ್ನನ್ನು ಕೊಂದಿತು. ಮೂವತ್ತು ವರ್ಷ ಬೇರೆಯವರ ತಪ್ಪು ಹಿಡಿದ ನನ್ನನ್ನು ಹೋಟೆಲಿನವರೊಬ್ಬರು ಗಿಡಗಳ್ಳ ಎಂದು ತಿಳಿದಿದ್ದರು. ಅಲ್ಲ ಎಂದು ತೋರಿಸಲು ಏನಿತ್ತು? ಒಂದೇ ಬೀಜದ ಗಿಡ, ಒಂದೇ ಡಬ್ಬದ ತುಂಡು. ಸತ್ಯ ಹೇಳಬೇಕೆಂದರೆ ಎರಡು ಮಾತು ಹೇಳಬೇಕು. ನಿಮ್ಮ ಗಿಡವನ್ನು ನಾನು ಜೀವ ಕೊಟ್ಟು ನೋಡಿಕೊಂಡೆ, ಅದಕ್ಕೇ ಹೀಗಾಗಿದೆ. ನನ್ನ ಗಿಡಕ್ಕೆ ನಾನು ಎಂತದೂ ಮಾಡಲಿಲ್ಲ, ಅದು ಅದರಷ್ಟಕ್ಕೆ ಬಂತು. ಈ ಎರಡನೆಯ ಮಾತು ನನ್ನಿಂದ ಆಗದ್ದು. ಯಾವ ಮಾತಿಗಾಗಿ ಈ ಮನುಷ್ಯನನ್ನು ಇಷ್ಟು ದಿನ ಮನಸ್ಸಿನಲ್ಲೇ ಹರಿದು ಹಾಕಿದ್ದೆನೋ ಅದನ್ನು ನನ್ನ ಬಾಯಿಂದ ಅವರ ಮುಂದೆ ಆಡಬೇಕಿತ್ತು.

“ಹೌದ್ರಿ,” ಎಂದೆ. “ನಾನs ಬದಲ ಮಾಡೀನಿ.”

ಶೆಟ್ಟರ ಮುಖ ಅರಳಿತು. “ಅಷ್ಟೇ ಅಲ್ವಾ ಮಾರಾಯ್ರೆ. ಆಸೆ ಆಗ್ತದೆ, ಮನುಷ್ಯರಲ್ವಾ,” ಎಂದು ನನ್ನ ಹೆಗಲು ತಟ್ಟಿ, ಚಿಗುರಿದ ಗಿಡವನ್ನು ಎತ್ತಿಕೊಂಡು ಹೋದರು. ಅವರ ಹೆಂಡತಿ ಹಪ್ಪಳದ ಕಟ್ಟನ್ನು ನೀಲವ್ವನ ಕೈಗಿಟ್ಟರು. ಇಷ್ಟು ಉದಾರವಾಗಿ ಕ್ಷಮಿಸಿದ್ದನ್ನು ನಾನು ಈ ಜನ್ಮದಲ್ಲಿ ಕ್ಷಮಿಸಲಾರೆ.

“ಕಳ್ಳ ಅನಿಸಿಕೊಂಡ್ರಿ, ಖರೇ ಹೇಳಲಿಲ್ಲ,” ಎಂದಳು ನೀಲವ್ವ ಬಾಗಿಲು ಹಾಕಿ.

“ಕಳ್ಳ ಅಂದ್ರ ಕೈಯಾಗ ಏನರೆ ಕಸುಬು ಐತಿ ಅಂತ ಆಗತೈತಿ,” ಎಂದೆ. ಅವಳು ಆ ದಿನ ನಕ್ಕಷ್ಟು ನಮ್ಮ ಮದುವೆಯಲ್ಲೂ ನಕ್ಕಿರಲಿಲ್ಲ.

ಒಣಗಿದ ಕಡ್ಡಿ ನನ್ನ ಪಾಲಿಗೆ ಉಳಿಯಿತು. ಸಿಟ್ಟಿನಲ್ಲಿ ಅದನ್ನು ಗ್ಯಾಲರಿಯ ತುದಿಗೆ ತಳ್ಳಿ ಆ ಕಡೆ ತಲೆ ಹಾಕುವುದನ್ನೇ ಬಿಟ್ಟೆ. ಶೆಟ್ಟರು ಎದುರಾದರೆ ಮುಖ ತಿರುಗಿಸಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ನೀಲವ್ವ ರೊಟ್ಟಿ ತಟ್ಟುತ್ತ, “ಚಿಗುರ ಬಂದೈತಿ, ಡ್ರಮ್ಮಿನ ಹಿಂದಿಂದಕ್ಕ,” ಎಂದಳು. ನಾನು ಚಪ್ಪಲಿ ಮೆಟ್ಟದೆ ಎದ್ದೆ. ಅವಳು ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಿಗೆ ಅಡ್ಡ ನಿಂತಳು.

“ಕೂಡ್ರಿ. ಶೆಟ್ಟರ ಮ್ಯಾಲಿನ ಸಿಟ್ಟು ಇಳೀತೇನು?”

“ಇಲ್ಲ.”

“ಇಳಿಸಬ್ಯಾಡ್ರಿ. ಇಳಿದ್ರ ಮತ್ತ ಗಿಡಾ ಮುಟ್ಟಾಕ ಹೋಗ್ತೀರಿ. ಹಣ್ಣ ಬಿಡೂತನಕ ಹಂಗs ಇರ್ರಿ.”

ಅಂದಿನಿಂದ ಸಿಟ್ಟಾಗಿಯೇ ಇದ್ದೇನೆ. ಗಿಡ ಈಗ ಡ್ರಮ್ಮಿನೆತ್ತರ ದಾಟಿದೆಯಂತೆ. ನಾನು ನೋಡಿಲ್ಲ. ಇದು ತಿಳಿದಷ್ಟು ಸುಲಭದ ಕೆಲಸವಲ್ಲ. ಶೆಟ್ಟರು ಭಾನುವಾರ ಬಿಸಿ ಇಡ್ಲಿ ಕಳಿಸುತ್ತಾರೆ, ನನಗೆ ಕೆಮ್ಮು ಬಂದರೆ ಊರಿನ ಕಷಾಯದ ಪುಡಿ ಕೊಡುತ್ತಾರೆ, ಲೋಕಲ್‌ನಲ್ಲಿ ಸಿಕ್ಕರೆ ತಾವು ಎದ್ದು ನನಗೆ ಸೀಟು ಬಿಡುತ್ತಾರೆ. ಈಚೆಗೆ ಅವರು ನಕ್ಕರೆ ನನಗೂ ನಗು ಬಂದುಬಿಡುತ್ತದೆ. ಆಗ ನೀಲವ್ವ ಕಿಟಕಿಯಿಂದ ಕೆಮ್ಮುತ್ತಾಳೆ. ನಾನು ಹುಬ್ಬು ಗಂಟಿಕ್ಕಿಕೊಂಡು, ಡ್ರಮ್ಮಿನ ಕಡೆಗೆ ಬೆನ್ನು ಮಾಡಿ, ದಾದರಿನ ಗಾಡಿ ಹಿಡಿಯಲು ಮೆಟ್ಟಿಲು ಇಳಿಯುತ್ತೇನೆ.