ನಾನು ಹೊಡೆದುಹಾಕಿದ ಸಾಲು

ಸಿಂಧನೂರಿನ ನೋಂದಣಿ ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಕುಳಿತವನಿಗೆ ನಾಟಕ ನೋಡಲು ಬೇರೆ ಕಡೆ ಹೋಗುವ ಅಗತ್ಯ ಬೀಳಲಿಲ್ಲ. ವಾರಕ್ಕೆರಡು ನಾಟಕ ನನ್ನ ಚಾಪೆಯ ಮುಂದೆಯೇ ಆಗುತ್ತಿದ್ದವು. ನಾನು ಅರ್ಜಿನವೀಸ, ಅಂದರೆ ಓದು ಬರಹ ಬಾರದವರಿಗೆ ಅರ್ಜಿ, ಪತ್ರ ಬರೆದುಕೊಡುವವ. ಕಾಲುವೆಗೆ ನೀರು ಬರುವ ಮೊದಲು ನನಗೆ ಕೆಲಸ ಕಡಿಮೆ, ನಿದ್ದೆ ಜಾಸ್ತಿ. ಆಗ ಎರೆ ಹೊಲದಲ್ಲಿ ಜೋಳ ಬೆಳೆಯುವ ಮುದುಕನನ್ನು ಮಾತಾಡಿಸುವವರೇ ಇರಲಿಲ್ಲ. ನೀರು ಬಂತು, ಭತ್ತ ಬಂತು, ಅದರ ಹಿಂದೆಯೇ ನೆಂಟರು ಬಂದರು. ನೆಟ್ಟಗೆ ನಿಲ್ಲಲಾಗದ ಮುದುಕರನ್ನು ಗಾಡಿಯಲ್ಲಿ ಹಾಸಿಗೆ ಸಮೇತ ತರತೊಡಗಿದರು. ಎಲ್ಲರದೂ ಒಂದೇ ಮಾತು: ಹಿರಿಯರು ಪ್ರೀತಿಯಿಂದ ಹೊಲ ದಾನ ಕೊಡುತ್ತಾರಂತೆ.

ಕಾನೂನೇನೂ ಕಣ್ಣು ಮುಚ್ಚಿ ಕುಳಿತಿರಲಿಲ್ಲ. ಪತ್ರ ಬರೆದುಕೊಡುವವರನ್ನು ಸಬ್ ರಿಜಿಸ್ಟ್ರಾರ್ ಸಾಹೇಬರು ಎದುರಿಗೆ ಕೂರಿಸಿಕೊಂಡು, ಇದರಲ್ಲಿ ಏನಿದೆ ಗೊತ್ತೇ, ಒಪ್ಪಿ ಕೊಡುತ್ತೀರಾ ಎಂದು ಕೇಳಲೇಬೇಕು. ಕೈಲಾಗದ ಮುದುಕರ ಸುತ್ತ ಇದ್ದ ಬೇಲಿ ಅದೊಂದೇ. ಜನ ಆ ಬೇಲಿ ಹಾರಲು ಮಾಡಿದ ಕಸರತ್ತು ನೋಡಿ ನಗು ಬರುವ ಮೊದಲು ನನ್ನ ಎದೆ ಝಲ್ಲೆನ್ನುತ್ತಿತ್ತು. ಒಮ್ಮೆಯಂತೂ ಆ ಬೇಲಿಯ ಗೂಟ ಕಿತ್ತವನು ನಾನೇ. ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ಪಾಠ ಒಪ್ಪಿಸಿದ ಅಜ್ಜ

ಮುಕ್ಕುಂದದಿಂದ ಒಬ್ಬ ಅಜ್ಜನನ್ನು ಅವನ ತಂಗಿಯ ಮಗ ಕರೆತಂದ. ಅಳಿಯ ಬಹಳ ಬುದ್ಧಿವಂತ. ದಾರಿಯುದ್ದಕ್ಕೂ ಗಾಡಿಯಲ್ಲಿ ಅಜ್ಜನಿಗೆ ಒಂದೇ ಪಾಠ ಹೇಳಿಕೊಟ್ಟಿದ್ದ: ಸಾಹೇಬರು ಏನೇ ಕೇಳಲಿ, ಹೌದ್ರಿ ಅನ್ನಬೇಕು.

ಸಾಹೇಬರು ಮೈಸೂರು ಕಡೆಯವರು, ತಣ್ಣನೆಯ ಮನುಷ್ಯ. "ಯಜಮಾನ್ರೇ, ಹೊಲ ಸಂತೋಷದಿಂದ ಕೊಡ್ತಾ ಇದ್ದೀರಾ?" ಎಂದರು.

"ಹೌದ್ರಿ."

"ಯಾರೂ ಹೆದರಿಸಿಲ್ಲ ತಾನೆ?"

"ಹೌದ್ರಿ."

ಸಾಹೇಬರ ಪೆನ್ನು ನಿಂತಿತು. "ಅಂದರೆ ಹೆದರಿಸಿದ್ದಾರಾ?"

"ಹೌದ್ರಿ."

ಅಳಿಯ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಳ್ಳತೊಡಗಿದ. ಸಾಹೇಬರು ಮುಂದಕ್ಕೆ ಬಾಗಿ ಮೆಲ್ಲಗೆ ಕೇಳಿದರು: "ನಾನು ನಿಮ್ಮ ಸ್ವಂತ ಮಗ ಅಲ್ವಾ ಯಜಮಾನ್ರೇ?"

"ಹೌದ್ರಿ."

ಸಾಹೇಬರು ನನ್ನ ಕಡೆ ತಿರುಗಿದರು. "ಕೇಳಿದ್ರಲ್ಲ, ಮಗ ನಾನಿರುವಾಗ ಅಳಿಯನಿಗೆ ಯಾಕ್ರೀ ಹೊಲ?" ಎಂದವರೇ ಅಳಿಯನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಸಿದರು. "ಈಗ ಇಲ್ಲಿ ಯಾರೂ ಇಲ್ಲ. ಭಯ ಬೇಡ. ನಿಮ್ಮ ಮನಸ್ಸಿನಲ್ಲಿ ಇರೋದನ್ನ ಹೇಳಿ."

ಅಜ್ಜ ಬಾಗಿಲನ್ನೊಮ್ಮೆ, ಸಾಹೇಬರನ್ನೊಮ್ಮೆ ನೋಡಿ ಕೈಮುಗಿದ. "ಏನ್ ಹೇಳ್ಲಿರಿ ಯಪ್ಪಾ? ಅಂವ ಇಷ್ಟ ಕಲಿಸ್ಯಾನ. ಮುಂದಿಂದು ಇನ್ನೂ ಕಲಿಸಿಲ್ರಿ."

ಕಂಬಳಿಯೊಳಗಿನ ದೊಡ್ಡಪ್ಪ

ಹಿರಿಯರು ಏಳಲಾಗದಂತೆ ಹಾಸಿಗೆ ಹಿಡಿದಿದ್ದರೆ ಸಾಹೇಬರೇ ಮನೆಗೆ ಹೋಗಿ ಹೆಬ್ಬೆಟ್ಟು ತೆಗೆದುಕೊಳ್ಳಬಹುದು. ಇದೂ ಮುದುಕರ ಒಳ್ಳೆಯದಕ್ಕೇ ಇದ್ದ ಕಾಯ್ದೆ. ಹಾಗೆ ಒಮ್ಮೆ ಸಾಲಗುಂದಕ್ಕೆ ಹೋದೆವು. ಅಂದು ಜವಾನ ಬಂದಿರಲಿಲ್ಲವಾದ್ದರಿಂದ ಮಸಿ ಹಚ್ಚುವ ಕೆಲಸ ನನ್ನ ಪಾಲಿಗೆ ಬಂತು.

ಮನೆಯ ಒಳಕೋಣೆಯಲ್ಲಿ ಕತ್ತಲು. ಹೊರಸಿನ ಮೇಲೆ ತಲೆತುಂಬ ಕಂಬಳಿ ಹೊದ್ದು ಒಬ್ಬರು ಮಲಗಿದ್ದರು. ಎಡಗೈ ಮಾತ್ರ ಹೊರಗಿತ್ತು. ಪಕ್ಕದಲ್ಲಿ ತಮ್ಮನ ಮಗ ನಿಂತು, "ದೊಡ್ಡಪ್ಪ ಎರಡು ತಿಂಗಳಾತ್ರಿ ಎದ್ದಿಲ್ಲ. ಮಾತೂ ಹೋಗ್ಯಾವ. ಬರೇ ನಳ್ಳತಾನ್ರಿ" ಎಂದ. ಕಂಬಳಿ ಕೂಡಲೇ ನರಳಿತು.

ನಾನು ಮಸಿ ಹಚ್ಚಲು ಹೆಬ್ಬೆಟ್ಟು ಹಿಡಿದೆ. ಎರಡು ತಿಂಗಳಿಂದ ಹಾಸಿಗೆ ಬಿಟ್ಟೇಳದ ಮನುಷ್ಯನ ಉಗುರಿನಲ್ಲಿ ಗದ್ದೆಯ ಹಸಿ ಕೆಸರು! ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಮುದುಕ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಬಂದು ನಿಂತ.

"ಯಾಕ್ರಪ್ಪಾ, ಮನಿ ಮುಂದ ಮಂದಿ ಕೂಡ್ಯಾರ? ಯಾರಿಗೇನಾತು?"

ಆ ಮನೆಯ ಸಂಸ್ಕಾರವನ್ನು ಮಾತ್ರ ಮೆಚ್ಚಬೇಕು. ದನಿ ಕೇಳಿದ್ದೇ ತಡ, ಕಂಬಳಿಯೊಳಗಿನವನು ಕಂಬಳಿ ಕಿತ್ತೊಗೆದು ಎದ್ದು ನಿಂತ. ಹಿರಿಯರು ಬಂದಾಗ ಮಲಗಿರಬಾರದು ಎಂದು ಚಿಕ್ಕಂದಿನಿಂದ ಕಲಿಸಿದ್ದರಲ್ಲ! ದಟ್ಟ ಮೀಸೆಯ ಇಪ್ಪತ್ತೈದರ ಗಂಡಾಳು. "ಬಾ ದೊಡ್ಡಪ್ಪಾ, ಕುಂದ್ರು" ಎಂದು ಹೊರಸನ್ನೂ ಬಿಟ್ಟುಕೊಟ್ಟ.

ದೊಡ್ಡಪ್ಪ ಹೊರೆ ಇಳಿಸಿ ಕುಳಿತ. "ಯಾರ್ರಿ ಸಾಹೇಬ್ರ ಜಡ್ಡು ಬಿದ್ದೋರು?"

"ನೀವೇ. ಎರಡು ತಿಂಗಳಾಯ್ತಂತೆ" ಎಂದರು ಸಾಹೇಬರು.

ಹೊಲ ಕೈಬಿಡುತ್ತಿದ್ದ ಸಂಗತಿ ಅವನಿಗೆ ಇನ್ನೂ ತಿಳಿದಿರಲಿಲ್ಲ. ಆದರೆ ಬೇರೊಂದು ವಿಷಯಕ್ಕೆ ಸಿಟ್ಟು ನೆತ್ತಿಗೇರಿತು. ತಮ್ಮನ ಮಕ್ಕಳಿಬ್ಬರ ಕಡೆ ತಿರುಗಿ ಗುಡುಗಿದ: "ಎರಡು ತಿಂಗಳಿಂದ ಮಲಗಿದ ಮುದುಕನ ತಲಿ ಮ್ಯಾಲೆ ದಿನಾ ಹುಲ್ಲು ಹೊರಸ್ತೀರಲ್ಲಲೇ, ನಾಚ್ಕಿ ಬರಂಗಿಲ್ಲೇನು?"

ಬ್ಯಾಡವಾದ ಸಾಲು

ಈಗ ನನ್ನ ಪಾಪದ ಸರದಿ.

ಗೊರೇಬಾಳದ ಒಬ್ಬ ವಿಧವೆ. ಕಾಲುವೆ ಪಕ್ಕದಲ್ಲಿ ನಾಲ್ಕೆಕರೆ ಗದ್ದೆ, ಅದು ಬಿಟ್ಟರೆ ಬೇರೇನೂ ಇಲ್ಲ. ಇಬ್ಬರು ಗಂಡುಮಕ್ಕಳು ಮಸ್ಕಿಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡು ಅಕ್ಕಪಕ್ಕದ ಮನೆಯಲ್ಲಿದ್ದರು. ಇಬ್ಬರೂ ಸೇರಿ ಅವ್ವನನ್ನು ಕರೆತಂದರು. ಒಬ್ಬ ಛತ್ರಿ ಹಿಡಿದಿದ್ದ, ಇನ್ನೊಬ್ಬ ಕೈ ಹಿಡಿದಿದ್ದ. ಗದ್ದೆ ಮಕ್ಕಳ ಹೆಸರಿಗೆ, ಅವ್ವ ಇನ್ನು ಮುಂದೆ ಮಸ್ಕಿಗೆ. ಆ ಪ್ರೀತಿ ನೋಡಿ ನನ್ನ ಕಣ್ಣೇ ಒದ್ದೆಯಾಗಿತ್ತು, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ನಮ್ಮ ಸಾಹೇಬರು ಎಂದಿನಂತೆ ಮಕ್ಕಳನ್ನು ಹೊರಗೆ ಕಳಿಸಿ ಕೇಳಿದರು. ಅವ್ವ ಹೆದರುವ ಹೆಂಗಸಲ್ಲ. "ನನ್ನ ಮಕ್ಕಳಿಗೆ ನಾ ಕೊಡಾಕತ್ತೀನಿ. ನಿಮಗ್ಯಾಕ್ರಿ ಹೊಟ್ಟಿ ಬ್ಯಾನಿ?" ಎಂದಳು.

ಸಾಹೇಬರು ಪತ್ರವನ್ನು ಇನ್ನೊಮ್ಮೆ ಓದಿದರು. ಮಕ್ಕಳು ತಾಯಿಯನ್ನು ಸಾಯುವತನಕ ಸಾಕತಕ್ಕದ್ದು, ತಪ್ಪಿದರೆ ಗದ್ದೆ ವಾಪಸು ಎಂದು ರೂಢಿಯಂತೆ ಕೊನೆಯಲ್ಲಿ ನಾನೊಂದು ಸಾಲು ಬರೆದಿದ್ದೆ. ಅದನ್ನು ಅವಳಿಗೆ ಓದಿ ಹೇಳಿದರು. ಅವ್ವ ಉರಿದುಬಿದ್ದಳು.

"ಅನ್ನ ಹಾಕ್ತೀವಂತ ಕಾಗದದಾಗ ಬರದು ಕೊಡಾಕ ನನ್ನ ಮಕ್ಕಳೇನು ಖಾನಾವಳಿ ಇಟ್ಟಾರೇನ್ರಿ? ತಗೀರಿ ಅದನ್ನ!"

"ಇರಲಿ ತಾಯಿ, ಒಂದು ಸಾಲು ತಾನೇ" ಎಂದರು ಸಾಹೇಬರು.

"ನಿಮ್ಮ ಅವ್ವಗ ನೀವು ಅನ್ನ ಹಾಕಾಕ ಕಾಗದ ಬರದು ಕೊಟ್ಟೀರೇನು? ಎಲ್ಲದಾಳ್ರಿ ನಿಮ್ಮ ಅವ್ವ?"

ಸಾಹೇಬರು ಪತ್ರವನ್ನು ಮೇಜಿನ ಮೇಲೆ ಇಳಿಸಿದರು. ಅವ್ವ ನನ್ನ ಕಡೆ ಕಣ್ಣು ಬಿಟ್ಟಳು. ಸಾಹೇಬರು ಬೇಡವೆಂದು ತಲೆ ಅಲ್ಲಾಡಿಸುವುದರೊಳಗೆ ನಾನು ಆ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ಅವಳ ಹೆಬ್ಬೆಟ್ಟು ಒತ್ತಿಸಿದ್ದೆ. ತಾಯಿಯ ಮಾತು ದೊಡ್ಡದೆಂದು ನನಗೆ ನಾನೇ ಶಹಬ್ಬಾಸ್ ಅಂದುಕೊಂಡೆ.

ಮರುವಾರ ಸಾಹೇಬರು ರಜೆ ಹಾಕಿ ಎಲ್ಲಿಗೋ ಹೋದರು. ತಿರುಗಿ ಬಂದಾಗ ಬಸ್ಸಿನಿಂದ ಮೊದಲು ಇಳಿದದ್ದು ಒಂದು ಊರುಗೋಲು, ಆಮೇಲೆ ಅವರ ತಾಯಿ.

ದಿಲ್ಲಿಗೆ ಮುಟ್ಟಿದ ಮನೆ ಮಾತು

ಆರೇಳು ವರ್ಷ ಕಳೆದವು. ಆ ಸಾಹೇಬರು ವರ್ಗವಾಗಿ ಹೋದರು, ಹೊಸಬರು ಬಂದರು. ಒಂದು ಮಧ್ಯಾಹ್ನ ಬೇವಿನ ಮರದ ಕೆಳಗೆ ಒಬ್ಬ ಮುದುಕಿ ಬಂದು ಕುಳಿತಳು. ಎಲುಬಿನ ಹಂದರ. ಅವಳು ಬಾಯಿ ತೆರೆಯುವವರೆಗೆ ನನಗೆ ಗುರುತೇ ಸಿಗಲಿಲ್ಲ.

"ತಮ್ಮಾ, ಅವತ್ತು ಒಂದು ಸಾಲು ತಗಿಸಿದ್ನೆಲ್ಲ. ಅದನ್ನ ಈಗ ಬರ್ಯಾಕ ಬರ್ತೈತೇನಪ್ಪಾ?"

ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂದು ಎಷ್ಟು ಜನರಿಗೆ ಹೇಳಿ ನಕ್ಕಿದ್ದೆನೋ! ಈ ಕೋಡಂಗಿಗೆ ಪತ್ರ ಬರೆದುಕೊಟ್ಟವನು ನಾನೇ.

ಸಂಗತಿ ಇಷ್ಟೇ. ಹಿರಿಮಗನ ಮನೆಗೆ ಹೋದರೆ, "ತಮ್ಮನ ಮನ್ಯಾಗ ಉಂಡಿರ್ತಿ ಅಂತ ಮಾಡಿದ್ನೆಬೇ" ಅನ್ನುತ್ತಾನೆ. ಕಿರಿಯವನ ಮನೆಗೆ ಹೋದರೆ, "ಅಣ್ಣನ ಮನ್ಯಾಗ ಇವತ್ತು ಹೋಳಿಗಿ ಅಂತಲ್ಲಬೇ, ನಮ್ಮಲ್ಲೇನೈತಿ" ಅನ್ನುತ್ತಾನೆ. ಎರಡು ಒಲೆಗಳ ನಡುವೆ ಅವ್ವ ತಣ್ಣಗಾಗಿದ್ದಳು. ಎದುರು ಮಾತಾಡಿದ ದಿನ ಹಿರಿಸೊಸೆ ಕೈ ಹಿಡಿದು ಅಂಗಳಕ್ಕೆ ದಬ್ಬಿದ್ದಳಂತೆ. ಅವ್ವ ಮೊಣಕೈಯ ಗಾಯ ತೋರಿಸಿದಳು.

ಅದೇ ಹೊತ್ತಿಗೆ ಹೊಸ ಕಾಯ್ದೆ ಬಂದಿತ್ತು. ಹೆಂಡತಿ ಮಕ್ಕಳಷ್ಟೇ ಅಲ್ಲ, ಕೈಲಾಗದ ತಂದೆ ತಾಯಿಯೂ ಮಕ್ಕಳ ಮೇಲೆ ಮ್ಯಾಜಿಸ್ಟ್ರೇಟರ ಹತ್ತಿರ ಜೀವನಾಂಶ ಕೇಳಬಹುದು. ಮಸ್ಕಿಯವರಿಗೆ ಲಿಂಗಸುಗೂರಿನ ಕೋರ್ಟು. "ಸರಕಾರದವರೇ ಕಾಯ್ದೆ ಮಾಡ್ಯಾರಬೇ, ಹೆತ್ತವರಿಗೆ ಅನ್ನ ಹಾಕಬೇಕಂತ. ದಿಲ್ಲಿಯಾಗ ಕೂತು ಬರದಾರ" ಎಂದೆ.

ಅವ್ವನ ಮುಖ ಕಪ್ಪಿಟ್ಟಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಅಯ್ಯೋ ಶಿವನೇ! ನಮ್ಮ ಮನಿ ಮಾತು ದಿಲ್ಲಿತನಾ ಹ್ಯಾಂಗ ಮುಟ್ಟಿತೋ ತಮ್ಮಾ? ನಾ ಯಾರ ಮುಂದೂ ಹೇಳಿಲ್ಲಪ್ಪಾ!"

ತಾರೀಖು

ಅರ್ಜಿ ನಾನೇ ಬರೆದೆ. ಗುರುತಿನ ವಕೀಲರೊಬ್ಬರು ನಡೆಸಲು ಒಪ್ಪಿದರು. ಮುದುಕಿ ಬಸ್ಸಿನಲ್ಲಿ ಓಡಾಡಿ ಸೋತು ತಾನೇ ಬಿಡುತ್ತಾಳೆ ಎಂದು ಮಕ್ಕಳ ಲೆಕ್ಕಾಚಾರ. ಹಾಗಾಗಿ ಅವರ ವಕೀಲರು ಒಂದರ ಮೇಲೊಂದು ಮುಂದಿನ ತಾರೀಖು ತೆಗೆದುಕೊಂಡರು. ಜೊತೆಗೆ ಇನ್ನೊಂದು ಉಪಾಯವನ್ನೂ ಹೇಳಿಕೊಟ್ಟಿದ್ದರು: ಅವ್ವನನ್ನು ಚೆನ್ನಾಗಿ ನೋಡಿಕೊಳ್ಳುವುದು ಕೋರ್ಟಿನ ಕಣ್ಣಿಗೆ ಬೀಳಬೇಕು.

ಬಿದ್ದೇ ಬಿತ್ತು. ತಾರೀಖಿನ ದಿನ ಅವ್ವನಿಗೆ ಇಳಕಲ್ ಸೀರೆ, ತಲೆಗೆ ಎಣ್ಣೆ, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು. ಕೋರ್ಟಿನ ಜಗುಲಿಯಲ್ಲಿ, ಮ್ಯಾಜಿಸ್ಟ್ರೇಟರು ಹಾದುಹೋಗುವ ದಾರಿಯಲ್ಲೇ ಬುತ್ತಿ ಬಿಚ್ಚುತ್ತಿದ್ದರು. ಕಟಕ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಹಿರಿಮಗ ರೊಟ್ಟಿ ಮುರಿದು ಬಾಯಿಗಿಟ್ಟರೆ ಕಿರಿಮಗ ನೀರು ಹಿಡಿದು ನಿಲ್ಲುತ್ತಿದ್ದ. ಸೇರಿದವರು, ಇಂಥ ಮಕ್ಕಳ ಮೇಲೆ ಕೇಸು ಹಾಕಿದ ಮುದುಕಿ ಎಂಥವಳಿರಬೇಕು ಎಂದು ಲೊಚಗುಟ್ಟಿದರು. ನಾನು ಹಲ್ಲು ಕಡಿಯುತ್ತ ನಿಂತಿದ್ದೆ.

ನಾಲ್ಕನೆಯ ತಾರೀಖಿಗೆ ಮ್ಯಾಜಿಸ್ಟ್ರೇಟರು ಅವ್ವನನ್ನೇ ಕರೆದು ಕೇಳಿದರು: "ನಿಮ್ಮ ಮಕ್ಕಳು ಊಟ ಹಾಕುತ್ತಾರೇನಮ್ಮಾ?"

"ಹಾಕ್ತಾರ್ರಿ ಸಾಹೇಬ್ರ. ಹೊಟ್ಟಿ ತುಂಬಾ ಹಾಕ್ತಾರ."

ಮಕ್ಕಳ ಮುಖ ಅರಳಿತು. ಹೊಡೆದುಹಾಕಿದ ಸಾಲನ್ನು ಮತ್ತೆ ಬರೆಯುವ ಒಂದೇ ಒಂದು ಅವಕಾಶ, ಅದನ್ನೂ ಈಕೆ ತನ್ನ ಬಾಯಿಂದಲೇ ಕೆಡಿಸಿಕೊಂಡಳಲ್ಲ!

"ಹಾಗಾದರೆ ದೂರು ಏನು?"

ಅವ್ವ ಕಟಕಟೆಯ ಪಟ್ಟಿ ಹಿಡಿದು ತಲೆಬಾಗಿದಳು. "ತಾರೀಖು ಇದ್ದ ದಿನ ಅಷ್ಟ ಹಾಕ್ತಾರ್ರಿ. ನಿಮ್ಮ ಪಾದಕ್ಕ ಬೀಳ್ತೀನಿ ಯಪ್ಪಾ, ದಿನಾ ತಾರೀಖು ಕೊಡ್ರಿ."

ಕೋರ್ಟೆಲ್ಲ ಗೊಳ್ಳೆಂದಿತು. ಮ್ಯಾಜಿಸ್ಟ್ರೇಟರು ಮಾತ್ರ ನಗಲಿಲ್ಲ. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಜೀವನಾಂಶಕ್ಕೆ ಹುಕುಂ ಬರೆಯಿಸಿ, ಕೊನೆಗೆ ಹೇಳಿದರು: "ಪ್ರತಿ ಸೋಮವಾರ ಇಬ್ಬರೂ ತಾಯಿಯನ್ನು ಕರೆತಂದು ನನಗೆ ತೋರಿಸಬೇಕು. ಬುತ್ತಿ ಮರೆಯಬೇಡಿ."

ಸೋಮವಾರ ಅಂಗಡಿ ಮುಚ್ಚಿದರೆ ಗಿರಾಕಿಗಳು ಎದುರಿನ ಅಂಗಡಿಗೆ ಹೋಗುತ್ತಾರೆ. ಎಂಟು ಸೋಮವಾರಕ್ಕೆ ಮಕ್ಕಳು ಸೋತರು. ಗದ್ದೆ ವಾಪಸು ಬರೆದುಕೊಡುತ್ತೇವೆ, ಅವ್ವ ಗೊರೇಬಾಳಕ್ಕೆ ಹೋಗಿ ತನ್ನ ಗದ್ದೆಯ ಅನ್ನ ತಾನು ಉಣ್ಣಲಿ, ಈ ಸೋಮವಾರವೊಂದು ತಪ್ಪಲಿ ಎಂದು ನನ್ನ ಚಾಪೆಯ ಮುಂದೆ ಬಂದು ಕುಳಿತರು. ಪತ್ರ ಬರೆದೆ. ಹೊಸ ಸಾಹೇಬರು ಕಾಯ್ದೆಯಂತೆ ಮಕ್ಕಳನ್ನು ಕೇಳಿದರು: "ಖುಷಿಯಿಂದ ಕೊಡುತ್ತೀರಾ? ಯಾರ ಒತ್ತಾಯವೂ ಇಲ್ಲವಲ್ಲ?"

ಇಬ್ಬರೂ ಬೇವಿನ ಕಾಯಿ ಅಗಿದವರಂತೆ, "ಖುಷಿಲೇರಿ" ಎಂದರು.

ಈ ಸಲ ನಾನು ಎಚ್ಚರವಾಗಿದ್ದೆ. ಸಹಿ ಆಗುವ ಮೊದಲು ಅವ್ವನನ್ನು ಕೇಳಿದೆ: "ಯವ್ವಾ, ಕೊನೀಗೆ ಸಾಲೇನರ ಸೇರಿಸೋದೈತೇನು? ನೀ ಹೇಳು, ನಾ ಬರೀತೀನಿ."

ಅವ್ವ ತಲೆ ತಗ್ಗಿಸಿ ನಿಂತ ಮಕ್ಕಳನ್ನು ನೋಡಿದಳು.

"ಬರಿ ತಮ್ಮಾ. ಇವರಿಬ್ಬರೂ ಯಾವಾಗ ಹಸಿದು ಬಂದ್ರೂ ನಾ ಸಾಯೋತನಾ ಅನ್ನ ಹಾಕ್ತೀನಿ ಅಂತ ಬರಿ."

"ಹೆತ್ತವ್ವ ಅನ್ನ ಹಾಕಾಕ ಕಾಗದ ಯಾಕಬೇ?" ಎಂದೆ.

"ಸುಮ್ನ ಬರಿಯಪ್ಪಾ. ಈ ಮಕ್ಕಳನ್ನ ನಂಬಾಕ ಬರಂಗಿಲ್ಲ. ಕಾಗದ ಇಲ್ಲಂತ, ಅವ್ವ ಅನ್ನ ಹಾಕವಲ್ಲಳು ಅಂತ ನಾಳೆ ನನ್ನ ಮ್ಯಾಲೇ ಕೇಸು ಹಾಕಿದ್ರ, ಪ್ರತಿ ಸೋಮವಾರ ಇಬ್ಬರಿಗೂ ಲಿಂಗಸುಗೂರತನಾ ಬುತ್ತಿ ಹೊರೋಳು ನಾನ ಅಲ್ಲೇನು?"