ಆರು ಕಂಬದ ಪ್ಲಾನು

ಶೇಂಗಾ ಕಿತ್ತು ಮುಗಿಯುವ ಕಾಲ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಮುಂದೆ ಬೆಳಗಿನಿಂದಲೇ ಗಾಡಿಗಳು ಸಾಲುಗಟ್ಟಿದ್ದವು. ಹಮಾಲರು ಮೂಟೆ ಇಳಿಸುತ್ತಿದ್ದರು, ಧೂಳು ಏಳುತ್ತಿತ್ತು. ಎದುರಿನ ಎಂಟಡಿ ಅಂಗಡಿಯಲ್ಲಿ ಮುತ್ತುರಾಜ್ ಮಾತ್ರ ಕಂಪ್ಯೂಟರಿನೊಳಗೆ ಕಂಬ ನೆಡುತ್ತಿದ್ದ.

ಎರಡು ಸಾವಿರದ ಮೂರನೇ ಇಸವಿ. ಮನೆ ಚಿತ್ರಿಸುವ ಸೀಡಿಯೊಂದನ್ನು ಬೆಂಗಳೂರಿನಿಂದ ತಂದು 'ಕಂಪ್ಯೂಟರ್ ಮನೆ ಪ್ಲಾನ್' ಎಂದು ಬೋರ್ಡು ಹಾಕಿ ಆರು ತಿಂಗಳಾಗಿತ್ತು. ಅಷ್ಟರಲ್ಲಿ ಬಂದ ಕೆಲಸ ಎರಡು: ಒಂದು ಕೋಳಿ ಫಾರಂ, ಇನ್ನೊಂದು ಅದೇ ಫಾರಂನ ಕಾವಲುಗಾರನ ಕೋಣೆ. ಮಿಲ್ಲಿನ ಮಾಲೀಕನಾದ ಅವನ ಸೋದರಮಾವ ಹಿಂದಿನ ದಿನವಷ್ಟೇ, "ಸೋಮವಾರದೊಳಗೆ ಅಂಗಡಿ ಬಾಡಿಗೆ ಹುಟ್ಟೋವಂಥ ಗಿರಾಕಿ ಹಿಡಿ. ಇಲ್ಲಾಂದ್ರೆ ಬಾಗ್ಲು ಮುಚ್ಚಿ ಮಿಲ್ಲಿಗೆ ಬಂದು ತೂಕ ಬರ್ಕೊಂಡು ಕೂತ್ಕೋ" ಎಂದು ಕಡ್ಡಿ ಮುರಿದಂತೆ ಹೇಳಿದ್ದ.

ಗಿರಾಕಿ ಇದ್ದರು. ಬಿ.ಜಿ. ಕೆರೆಯ ದೊಡ್ಡಪಾಲಯ್ಯ. ವಾರದ ಹಿಂದೆ ಬಂದು, ಗಂಟು ಹಾಕಿದ ಹಗ್ಗವೊಂದನ್ನು ಮೇಜಿನ ಮೇಲಿಟ್ಟು ಹೇಳಿದ್ದರು: "ಹಗ್ಗ ಮನೆ ಉದ್ದ. ಗಂಟು ಇರೋದು ಕಂಬದ ಜಾಗ. ನಾವು ಅಣ್ತಮ್ಮಗಳು ನಾಲ್ಕು ಜನ, ನಾಲ್ಕೂ ಮನೆ ಒಂದೇ ಥರ. ಮೊದ್ಲು ನನ್ನದು ತೋರ್ಸು, ಸರಿಹೋದ್ರೆ ಮುಂದಿನ ಮಾತು." ನಾಲ್ಕು ಪ್ಲಾನು! ಮಾವನ ಬಾಯಿ ಮುಚ್ಚಿಸಲು ಅಷ್ಟು ಸಾಕಾಗಿತ್ತು. ಇವತ್ತು ಮಧ್ಯಾಹ್ನ ಅವರು ನೋಡಲು ಬರುವವರಿದ್ದರು.

ಆದರೆ ಕಂಬ, ತೊಲೆಗಳ ಮೇಲೆ ಮಣ್ಣಿನ ಸೂರು ಕೂರುವ ಮಾಳಿಗೆ ಮನೆ ಆ ಸೀಡಿಗೆ ಗೊತ್ತಿರಲಿಲ್ಲ. ಸೂರು ಹೊರುವುದು ಗೋಡೆ ಎಂದಷ್ಟೇ ಅದು ನಂಬಿತ್ತು. ನಡುಮನೆಯಲ್ಲಿ ತೊಲೆ ಇಟ್ಟರೆ ಅದು ಬೀಗರ ಮನೆಯಲ್ಲಿ ಉಂಡು ಮಲಗಿದವನ ಹಾಗೆ ನೆಲಕ್ಕೆ ಒರಗಿತು. ಎತ್ತಿ ಮೇಲಕ್ಕಿಟ್ಟರೆ ಕಂಬಗಳು ತೊಲೆಯನ್ನು ತೂರಿಕೊಂಡು ಮಾಳಿಗೆಗೆ ತಲೆ ಕೊಟ್ಟವು. ಕಂಬ ಗಿಡ್ಡ ಮಾಡಿದ. ನಡುವೆ ಒಂದು ಗೇಣು ಖಾಲಿ ಉಳಿಯಿತು. ಅಲ್ಲಿ ಇರಬೇಕಾದ್ದು ಬೋದಿಗೆ, ಕಂಬದ ತಲೆಯ ಮೇಲೆ ತೊಲೆಯನ್ನು ಹೊರುವ ಮರದ ತುಂಡು. ಸೀಡಿಯಲ್ಲಿ ಈಜುಕೊಳವಿತ್ತು, ಪಿಯಾನೋ ಇತ್ತು, ಬೋದಿಗೆ ಇರಲಿಲ್ಲ.

ಪಕ್ಕದ ಜೆರಾಕ್ಸ್ ಅಂಗಡಿಯ ಅಂಜಿನೇಯ ಕೆಲಸವಿಲ್ಲದೆ ಬಂದು ಬೆನ್ನ ಹಿಂದೆ ನಿಂತಿದ್ದ.

"ಲೇ ಮುತ್ತು, ತೊಲೆ ಗಾಳ್ಯಾಗೆ ತೇಲ್ತಾ ಐತಲ್ಲೋ. ಮನೇನೋ ಗಾಳಿಪಟಾನೋ?"

"ಸುಮ್ನಿರೋ ಮಾರಾಯ."

"ಆ ಸಾಮಾನಿನ ಪಟ್ಟಿ ತೆಗಿ. ಟೀಪಾಯಿ ಐತೆ ನೋಡು. ಅದನ್ನ ಬೋರಲು ಹಾಕಿ ಸಣ್ಣದು ಮಾಡಿ ಸಿಗ್ಸು. ಯಾರಿಗೆ ಗೊತ್ತಾಗ್ತೈತೆ?"

ಮುತ್ತುರಾಜ್ ಸಿಗಿಸಿದ. ಆಶ್ಚರ್ಯ! ಬೋರಲು ಬಿದ್ದ ಟೀಪಾಯಿ ಥೇಟು ಬೋದಿಗೆಯಂತೆಯೇ ಕೂತಿತು. ಐದು ಕಂಬಕ್ಕೆ ಟೀಪಾಯಿ ಏರಿ ಆರನೆಯದಕ್ಕೆ ಕೈ ಹಾಕಿದಾಗ ಕರೆಂಟು ಹೋಯಿತು. ಮಾಡಿದ್ದನ್ನು ಕಂಪ್ಯೂಟರಿನಲ್ಲಿ ಉಳಿಸಿಟ್ಟಿರಲಿಲ್ಲ. ಒಂದು ಗಂಟೆ ಕಳೆದು ಕರೆಂಟು ಬಂದಾಗ ಎಲ್ಲವನ್ನೂ ಹಲ್ಲು ಕಚ್ಚಿ ಮೊದಲಿನಿಂದ ನೆಟ್ಟ. ಕೊನೆಯ ತೊಲೆ ಕೂರಿಸುವ ಹೊತ್ತಿಗೆ ಹೊರಗೆ ಕೆಮ್ಮು ಕೇಳಿಸಿತು.

ದೊಡ್ಡಪಾಲಯ್ಯ ಒಬ್ಬರೇ ಬಂದಿರಲಿಲ್ಲ. ಹೆಂಡತಿ ಸೂರಮ್ಮ, ಊರ ಬಡಗಿ ಬೊಮ್ಮಲಿಂಗಪ್ಪ ಜೊತೆಗಿದ್ದರು. ಬೊಮ್ಮಲಿಂಗಪ್ಪ ಕನ್ನಡಕ ಏರಿಸಿ, ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿ, "ಬಾಗುಂದಿ" ಎಂದು ತೆಲುಗಿನಲ್ಲಿ ಮೆಚ್ಚಿದ. ಮುತ್ತುರಾಜನ ಎದೆ ಹಗುರಾಯಿತು. ಆಗ ಬಡಗಿ ಕೇಳಿದ:

"ಕಂಬದ ಬುಡ ಯಾವ ಕಡೆಗೈತಪ್ಪ?"

"ಬುಡ ಅಂದ್ರೆ?"

"ಮರಕ್ಕೆ ಬುಡ-ತುದಿ ಇರ್ತೈತಲ್ಲ. ಬುಡ ನೆಲಕ್ಕೆ, ತುದಿ ಮೇಲಕ್ಕೆ. ತಲೆಕೆಳಗೆ ನಿಲ್ಸಿದ ಕಂಬ ಮನೆ ಏಳ್ಗೆ ಮಾಡಲ್ಲ. ಎರಡು ಕಡೆನೂ ಒಂದೇ ದಪ್ಪ ಐತಲ್ಲ ಇದು, ಹೆಂಗೆ ತಿಳ್ಕಳಾದು?"

ಆ ಸೀಡಿಯ ಕಂಬಗಳು ಯಾವ ಮರದಲ್ಲೂ ಹುಟ್ಟಿದವಲ್ಲ ಎಂದು ಹೇಳುವ ಧೈರ್ಯ ಮುತ್ತುರಾಜನಿಗೆ ಬರಲಿಲ್ಲ. "ಬುಡ ಕೆಳಗೇ ಐತೆ" ಎಂದ.

"ಬಾಯಿಮಾತು ಯಾಕೆ, ಗುರ್ತು ಮಾಡಿದ್ರಾತು" ಎಂದ ಸೂರಮ್ಮ ಸೊಂಟದ ಚೀಲದಿಂದ ಕುಂಕುಮದ ಪೊಟ್ಟಣ ತೆಗೆದು, ಬೆರಳು ಅದ್ದಿ, ಆರು ಕಂಬದ ಬುಡಕ್ಕೂ ಪರದೆಯ ಗಾಜಿನ ಮೇಲೆ ಒಂದೊಂದು ಬೊಟ್ಟಿಟ್ಟು ಕೈಮುಗಿದಳು. ಎಲ್ಲರಿಗೂ ಸಮಾಧಾನವಾಯಿತು.

ಅಷ್ಟಕ್ಕೇ ಬಿಟ್ಟಿದ್ದರೆ ಆಗಿತ್ತು. ಹುರುಪಿನಲ್ಲಿ ಮುತ್ತುರಾಜ್, "ಅಡಿಯಿಂದಾನೂ ನೋಡ್ಬೋದು ಯಜಮಾನ್ರೆ" ಎಂದು ಮೌಸು ಎಳೆದ. ಮನೆ ಗಿರ್ರನೆ ಮಗುಚಿಕೊಂಡಿತು. ಕುಂಕುಮ ಗಾಜಿನ ಮೇಲೆ ಇದ್ದಲ್ಲೇ ಇತ್ತು. ಅದರ ಹಿಂದೆ ಈಗ ಕಂಬಗಳ ತುದಿ ಬಂದಿತ್ತು.

"ಅಯ್ಯೋ ತಿಪ್ಪೇಸ್ವಾಮಿ!" ಸೂರಮ್ಮ ದೇವರನ್ನು ಕರೆದು ಎದೆ ಹಿಡಿದುಕೊಂಡಳು. "ತುದಿ ಕೆಳಗ್ ಬಂತು! ಮನೇನೇ ಬೋರಲು ಬಿತ್ತು!"

"ನಿಲ್ಸೋ, ನಿಲ್ಸು!" ಅಂಜಿನೇಯ ಕೂಗಿದ. ಗಾಬರಿಯಲ್ಲಿ ಮುತ್ತುರಾಜ್ ಮೌಸನ್ನು ಇನ್ನಷ್ಟು ಎಳೆದ. ಮನೆ ತೊಟ್ಟಿಲಿನಂತೆ ಎರಡು ಸಲ ತೂಗಿ, ಗಿರಗಿಟ್ಲೆಯಂತೆ ಮೂರು ಸುತ್ತು ಸುತ್ತಿ, ಕೊನೆಗೆ ನೆಟ್ಟಗೆ ನಿಂತಿತು. ಬೊಟ್ಟುಗಳು ಬುಡಕ್ಕೇ ಬಂದವು. ಅವನು ಎರಡೂ ಕೈ ಮೇಲೆತ್ತಿ ಮೌಸಿನಿಂದ ದೂರ ಸರಿದು ಕೂತ.

ಬಡಗಿ ಒಂದೊಂದೇ ಬೊಟ್ಟನ್ನು ಎಣಿಸಿ ತಲೆಯಾಡಿಸಿದ. ದೊಡ್ಡಪಾಲಯ್ಯ ಮೀಸೆ ಸವರಿಕೊಂಡು, "ಒಪ್ಗೆ. ಇದನ್ನ ಕಾಗದಕ್ಕೆ ಇಳ್ಸು" ಎಂದರು.

ಪ್ರಿಂಟು ಕೈಗಿತ್ತು, ಮುತ್ತುರಾಜ್ ನಗುತ್ತ ಕೇಳಿದ: "ಮಿಕ್ಕ ಮೂರೂ ನಾಳೆನೇ ಶುರು ಮಾಡ್ತೀನಿ. ಪಾಯ ಯಾವಾಗ ತೆಗೀತೀರಿ ಯಜಮಾನ್ರೆ?"

"ಪಾಯನಾ?" ದೊಡ್ಡಪಾಲಯ್ಯ ಹುಬ್ಬೇರಿಸಿದರು. "ನಾಲ್ಕೂ ಮನೆ ಒಕ್ಕಲು ಹೊಕ್ಕು ಎರಡು ತಿಂಗಳಾತಲ್ಲಪ್ಪ. ಇದೇ ಬೊಮ್ಮಲಿಂಗಪ್ಪ ಕಟ್ಟಿದ್ದು. ಈಗ ಕರೆಂಟಿಗೆ ಅರ್ಜಿ ಹಾಕಿದ್ರೆ ಪ್ಲಾನ್ ತಾ ಅಂತಾರೆ."

"ಹಂಗಾದ್ರೆ... ಬುಡ, ತುದಿ ಅಂತ ಇಷ್ಟೊತ್ತು..."

"ಮನೇಲಿ ನೆಟ್ಟಗೇ ನಿಲ್ಸಿದ್ದೀವಿ ಕಣಪ್ಪ" ಎಂದಳು ಸೂರಮ್ಮ. "ಕಾಗದದಾಗೆ ತಲೆಕೆಳಗಾದ್ರೆ ಒಳ್ಳೇದಾಗ್ತೈತಾ?"

"ಮತ್ತೆ ಮಿಕ್ಕ ಮೂರು ಪ್ಲಾನು?"

"ನಾಲ್ಕೂ ಒಂದೇ ಥರ ಅಂತ ಆವತ್ತೇ ಹೇಳಿದ್ನಲ್ಲ. ಇದನ್ನೇ ಮೂರು ಜೆರಾಕ್ಸ್ ಹೊಡ್ಸಿದ್ರಾತು."

ಅಂಜಿನೇಯ ಆಗಲೇ ಮುಂದೆ ಬಂದು ಕಾಗದ ಇಸಿದುಕೊಂಡಿದ್ದ. "ಬರ್ರಿ ಯಜಮಾನ್ರೆ, ಪಕ್ಕದಾಗೇ ಐತೆ ಮಿಷನ್ನು." ಹೋದವನು ಗಳಿಗೆಯಲ್ಲೇ ಮರಳಿ ಬಂದು ಬಾಗಿಲಿನಲ್ಲಿ ತಲೆ ಹಾಕಿದ.

"ಲೇ ಮುತ್ತು, ಹಾಳೆ ಖಾಲಿಯಾಗೈತೆ ಕಣೋ. ಮೂರು ಹಾಳೆ ಕೊಟ್ಟಿರು, ಸಂಜಿಗೆ ತಿರುಗಿ ಕೊಡ್ತೀನಿ."

ಮುತ್ತುರಾಜ್ ಎಣಿಸಿ ಕೊಟ್ಟ. ಸೋಮವಾರ ಮಿಲ್ಲಿನಲ್ಲಿ ಅವನು ಮೊದಲ ಮೂಟೆಯ ತೂಕ ಬರೆದುಕೊಳ್ಳುವಾಗಲೂ ಆ ಹಾಳೆಗಳು ವಾಪಸ್ಸು ಬಂದಿರಲಿಲ್ಲ.