ನಾಲ್ಕು ಎಣಿಸುವಷ್ಟು ಮೌನ

ಹಾಡು ಯಾರೇ ಹಾಡಲಿ, ಮಾಡಿದವನು ನಾನೇ ಅಂತ ಜನ ಹಿಡಿದೇಬಿಡ್ತಾರೆ. ಹೆಸರು ಮುಚ್ಚಿಟ್ಟರೂ ಅಷ್ಟೇ.

ತುಮಕೂರಿನಲ್ಲಿ ಒಂದು ಬೇಕರಿಯ ಮೇಲೆ ನನ್ನ ಸ್ಟುಡಿಯೋ. ಬರೆಯೋದು, ರಾಗ ಹಾಕೋದು, ರೆಕಾರ್ಡ್ ಮಾಡೋದು ಎಲ್ಲಾ ನಾನೇ. ಎದೆ ಬಿರಿಯೋ ಹಾಗೆ ಹಾಡುವ ಹಾಡುಗಳೇ ನನ್ನ ಕಸುಬು. ಮೆಲ್ಲಗೆ ಶುರುವಾಗುತ್ತೆ, ಏರುತ್ತೆ, ಕೊನೇ ಪಲ್ಲವಿಗೆ ಮುಂಚೆ ಎಲ್ಲಾ ವಾದ್ಯ ನಿಂತು ನಾಲ್ಕು ಎಣಿಸುವಷ್ಟು ಮೌನ. ಆಮೇಲೆ ಡ್ರಮ್ಮು, ಪಿಟೀಲು, ಹಾಡೋರ ಗಂಟಲು ಎಲ್ಲಾ ಒಟ್ಟಿಗೆ ಮೇಲಕ್ಕೆ ಹಾರುತ್ತವೆ.

ಆ ಮೌನ ನನ್ನದಲ್ಲ, ನಮ್ಮಕ್ಕಂದು. ನನ್ನ ಮೊದಲನೇ ಹಾಡು ಹಾಡಿದೋಳು ಅವಳು. ಅವಳಿಗೆ ಆಗಲೇ ಉಬ್ಬಸ ಇತ್ತು. ಮೇಲಿನ ಸ್ವರಕ್ಕೆ ಮುಂಚೆ ಉಸಿರು ತಗೊಳ್ಳಲಿ ಅಂತ ವಾದ್ಯ ನಿಲ್ಲಿಸಿದ್ದೆ, ಜನಕ್ಕೆ ಅದೇ ಹಿಡಿಸಿಬಿಡ್ತು. ಉಬ್ಬಸ ಜಾಸ್ತಿಯಾಗಿ ಅವಳು ಹಾಡೋದು ಬಿಟ್ಟು ಎಂಟು ವರ್ಷ. ಸ್ಟುಡಿಯೋ ಮೆಟ್ಟಿಲೂ ಹತ್ತಿಲ್ಲ. ಒಂದೇ ಒಂದು ಸಲ ಅವಳನ್ನ ಮತ್ತೆ ಮೈಕಿನ ಮುಂದೆ ಕೂರಿಸಬೇಕು ಅನ್ನೋದು ನನ್ನ ಆಸೆ. ಕರೆದಾಗೆಲ್ಲ ಅವಳದು ಒಂದೇ ಉತ್ತರ:

“ನನ್ನ ಉಬ್ಬಸಾನ ಊರಿಗೆಲ್ಲಾ ಹಂಚ್ತಿದೀಯಲ್ಲೋ, ಸಾಲ್ದಾ?”

ಹೆಲ್ಮೆಟ್ ಹಾಡು

ಹಿರೇಹಳ್ಳಿಯ ಒಂದು ವರ್ಕ್‌ಶಾಪಿನವರು ಸುರಕ್ಷತೆ ಬಗ್ಗೆ ಹಾಡು ಮಾಡಿಸಿದರು. ಕೆಲಸಕ್ಕೆ ಹೋದೋನು ಸಂಜೆ ಮನೆಗೆ ಬರಲಿ ಅಂತ ಬರೆದಿದ್ದೆ. ಅಲ್ಲಿನ ಫಿಟ್ಟರ್ ಒಬ್ಬರು ಹಾಡಿದ್ದು. ಸಮಾರಂಭದಲ್ಲಿ ಕೆಲವರ ಕಣ್ಣು ಒದ್ದೆಯಾಗಿತ್ತು. ಅಷ್ಟರಲ್ಲಿ ನನ್ನ ಮೌನ ಬಂತು. ಹಾಡು ಮುಗೀತು ಅಂದ್ಕೊಂಡು ಎಲ್ಲರೂ ಚಪ್ಪಾಳೆ ಹೊಡೆದರು. ಮಾಲೀಕರು ಮೈಕ್ ಹಿಡಿದು “ಬಂಧುಗಳೇ” ಅಂದರು. ಆ ಹೊತ್ತಿಗೇ ಸ್ಪೀಕರಿನಲ್ಲಿ ಡ್ರಮ್ಮು ಧಡಾರ್ ಅಂತು. ಸಾಹೇಬರು ಎರಡೂ ಕೈ ತಲೆ ಮೇಲಿಟ್ಟು ಕೂತೇಬಿಟ್ಟರು.

ಫೋರ್‌ಮನ್ ಗಂಭೀರವಾಗಿ ಹೇಳಿದ: “ಇದಕ್ಕೇ ಸಾರ್, ಹೆಲ್ಮೆಟ್ ಹಾಕ್ಕೊಳ್ಳಿ ಅನ್ನೋದು.”

ಗುಬ್ಬಿಯ ಸಾಂಬಾರು

ಇನ್ನೊಂದು ಹಾಡನ್ನ ಬೇರೆ ಹೆಸರಲ್ಲಿ ಬಿಟ್ಟೆ, ಯಾರು ಕಂಡುಹಿಡೀತಾರೋ ನೋಡೋಣ ಅಂತ. ಗುಬ್ಬಿಯ ಮದುವೆ ಮನೇಲಿ ಊಟಕ್ಕೆ ಕೂತಿದ್ದೆ, ಸ್ಪೀಕರಿನಲ್ಲಿ ಅದೇ ಬಂತು. ಸಾಂಬಾರು ಬಡಿಸ್ತಿದ್ದೋನು ನನ್ನೆಲೆ ಹತ್ತಿರ ಸೌಟು ಎತ್ತಿ ಸುಮ್ಮನೆ ನಿಂತುಬಿಟ್ಟ.

“ಯಾಕಣ್ಣಾ?”

“ತಡೀರಿ ಸಾ. ಈಗ ನಿಂತು ಹೊಡೀತದೆ. ಹೋದ ಮದ್ವೇಲಿ ಬೆಚ್ಚಿಬಿದ್ದು ಬೀಗರ ಪಂಚೆ ಮೇಲೆ ಹುಯ್ದುಬುಟ್ಟೆ. ಮಾಡಿರೋನು ಯಾರೋ ತುಮಕೂರಿನೋನಂತೆ. ಕೈಗೆ ಸಿಗ್ಲಿ, ಐತೆ ಅವನಿಗೆ.”

ನಾನು ಯಾವೂರು ಅಂತ ಅವನು ಕೇಳೋದ್ರೊಳಗೆ ಮಜ್ಜಿಗೆ ಕುಡಿದು ಎದ್ದೆ.

ಕುಣಿಗಲ್ಲಿನ ನರ್ಸಮ್ಮ

ಕುಣಿಗಲ್ಲಿನಿಂದ ಒಬ್ಬ ನರ್ಸಮ್ಮ ಬಂದರು. ತೀರಿಹೋದ ತಂಗಿಯ ನೆನಪಿಗೆ ಹಾಡು ಬೇಕಿತ್ತು, ತಾವೇ ಹಾಡೋರು. ಒಳ್ಳೇ ಕಂಠ.

“ಸಾರ್, ನೀವು ಹಾಡನ್ನ ನಿಲ್ಲಿಸ್ತೀರಲ್ಲ, ಅದು ಬೇಡ. ಜನ ನಗ್ತಾರೆ. ನನ್ನ ತಂಗಿ ಹಾಡಿಗೆ ಯಾರೂ ನಗಬಾರದು.”

ಮನಸ್ಸಿಗೆ ನಾಟ್ತು. ಆದ್ರೂ ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ಮೌನ ತೆಗೆದು ಹಾಡಿಸಿದೆ. ಮೂರು ಸಲವೂ ಅದೇ ಜಾಗದಲ್ಲಿ ಅವರ ಗಂಟಲು ಕಟ್ಟಿಕೊಳ್ತು. ನಾಳೆ ನೋಡೋಣ ಅಂತ ಕಳಿಸಿ, ಇದ್ದಷ್ಟನ್ನ ಮನೇಲಿ ಅಕ್ಕನಿಗೆ ಕೇಳಿಸಿದೆ.

ಅಕ್ಕ ಕಣ್ಣು ಮುಚ್ಚಿ ಕೇಳಿದಳು. ಆ ಜಾಗ ಬರುತ್ತಲೇ ಹಳೇ ಅಭ್ಯಾಸದಂತೆ ಉಸಿರೆಳೆದುಕೊಂಡಳು. ವಾದ್ಯ ನಿಲ್ಲಲಿಲ್ಲ. ಕಣ್ಣಲ್ಲಿ ನೀರು ಬರೋ ತನಕ ಕೆಮ್ಮಿದಳು.

“ಈ ಹುಡ್ಗಿ ಎಲ್ಲಿ ಉಸಿರಾಡ್ಬೇಕೋ, ಮೂದೇವಿ? ನಾಳೆ ನಾನೇ ಬರ್ತೀನಿ.”

ಬಂದಳು. ಮೆಟ್ಟಿಲಿಗೊಂದು ಸಲ ನಿಂತು ನಿಂತು ಹತ್ತಿ, ನರ್ಸಮ್ಮನ ಪಕ್ಕ ಕೂತು ಕೈ ಹಿಡಿದುಕೊಂಡಳು. “ತಂಗಿ ಬಗ್ಗೆ ಹಾಡ್ತಾ ಗಂಟಲು ಕಟ್ಟದೆ ಇರ್ತದೇನಮ್ಮಾ? ಅಲ್ಲಿ ನಿಂತ್ಕೋ. ನಗೋರು ನಗ್ಲಿ ಬುಡು.” ನರ್ಸಮ್ಮ ಹೂಂ ಅಂತ ತಲೆಯಾಡಿಸಿದರು. ನಾನು ಮೌನಾನ ವಾಪಸ್ ಹಾಕಿದೆ.

ಈ ಸಲ ಒಂದೇ ಏಟಿಗೆ ಹಾಡಿ ಮುಗಿಸಿದರು. ಹಾಕಿ ಕೇಳಿದರೆ, ಆ ಮೌನದಲ್ಲಿ ‘ಸುಂಯ್’ ಅಂತ ಒಂದು ಉಸಿರು. ಅಕ್ಕಂದು. ಅವಳ ಮುಖ ಸಪ್ಪಗಾಯ್ತು. “ಅಯ್ಯೋ, ಹಾಳ್ಮಾಡ್ದೆ. ಅಳಿಸ್ಬುಡೋ.”

“ಬೇಡ ಸಾರ್,” ಅಂದರು ನರ್ಸಮ್ಮ, ಅಕ್ಕನ ಕೈ ಬಿಡದೆ. “ಅದಿರ್ಲಿ.”

ನನಗೆ ಅಳು ಬಂತು. ಸುಳ್ಳು ಹೇಳೋದ್ಯಾಕೆ.

ಹೆಸರಿನ ಪಟ್ಟಿಯಲ್ಲಿ ಗಾಯನದ ಕೆಳಗೆ ‘ಉಸಿರು’ ಅಂತ ಬರೆದು ಅಕ್ಕನ ಹೆಸರು ಹಾಕಿದೆ. ಎಂಟು ವರ್ಷದ ಮೇಲೆ ಹಾಡಿನಲ್ಲಿ ಅವಳ ಹೆಸರು. ಕನ್ನಡಕ ಏರಿಸಿ ಎರಡೆರಡು ಸಲ ಓದಿದಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು:

“ಏನ್ಲಾ, ನಂದು ಸೊಳ್ಳೆಯಷ್ಟು ಅಕ್ಷರ, ನಿಂದು ಅಷ್ಟು ದಪ್ಪ? ಇಷ್ಟು ವರ್ಷ ನನ್ನ ಉಬ್ಬಸದ ಮೇಲೆ ಬದುಕಿದೋನು ನೀನು!”